ಊಟದ ಮೇಜಿನ ಮೇಲೆ ಈಜಿದ ಮೀನು

ಕಳೆದ ತಿಂಗಳು ರಾಜಾಜಿನಗರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಗದ್ದವನ್ನು ದೊಡ್ಡ ಬಿಳಿ ಬಟ್ಟಲಿನಂಥ ಯಂತ್ರಕ್ಕೆ ಆನಿಸಿ, ಕೈಗೊಂದು ಗುಂಡಿ ಕೊಟ್ಟರು. ನಡುವಿನ ಹಳದಿ ಚುಕ್ಕೆಯಿಂದ ಕಣ್ಣು ಕದಲಿಸಬೇಡಿ, ಸುತ್ತ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಿ ಎಂದು ಅಲ್ಲಿದ್ದ ಹುಡುಗಿ ಹೇಳಿದಳು. ಒಂದು ಕಣ್ಣು ಮುಗಿದು ಇನ್ನೊಂದಕ್ಕೆ ಬರುವಷ್ಟರಲ್ಲಿ ನನಗೆ ಆಯಾಸವಾಗಿತ್ತು. ಬೆಳಕು ನಿಜವಾಗಿ ಬಂತೋ, ಬಂತೆಂದು ನನಗೆ ಅನ್ನಿಸಿತೋ ತಿಳಿಯದೆ ಸುಮ್ಮನೆ ಒತ್ತುತ್ತಿದ್ದೆ. ಸ್ಪಿರಿಟ್ಟಿನ ಹತ್ತಿಯಿಂದ ಆಗಷ್ಟೇ ಒರೆಸಿದ ಯಂತ್ರದ ತಣ್ಣನೆ ವಾಸನೆ ಮೂಗಿನ ತುದಿಯಲ್ಲೇ ಇತ್ತು. ಆಗ ವಾಸಣ್ಣ ನೆನಪಾದರು. ನಾಲ್ಕು ಮಳೆಗಾಲಗಳ ಹಿಂದೆ ಅವರೂ ಇದೇ ಬಡಾವಣೆಗೆ ಬಂದು ಇಂಥದೇ ಬಟ್ಟಲಿನೊಳಗೆ ಮುಖವಿಟ್ಟು ಕೂತಿದ್ದರು. ನನ್ನ ರಿಪೋರ್ಟು ನಾರ್ಮಲ್ ಬಂತು. ಅವರದು ಹಾಗೆ ಬಂದಿರಲಿಲ್ಲ.

ಆಗ ನಮ್ಮ ಮನೆಯ ಕೆಳಗಿನ ಕಾರು ನಿಲ್ಲಿಸುವ ಜಾಗವೇ ನಮ್ಮವರ ವರ್ಕ್‌ಶಾಪು. ಇಪ್ಪತ್ತೆರಡು ವರ್ಷ ಅವರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದೊಳಗೆ ಶಬ್ದ ಹಾಯಿಸಿ ಬಿರುಕು ಹುಡುಕುವ ಯಂತ್ರಗಳನ್ನು ನೋಡಿಕೊಂಡವರು. ಕಾರ್ಖಾನೆ ಊರಾಚೆ ಹೋದಾಗ ಇವರು ಹೋಗಲಿಲ್ಲ. ಜೊತೆಗೆ ಕೆಲಸ ಮಾಡಿದ್ದ ಮಲ್ಪೆಯ ಕಡೆಯವರೊಬ್ಬರು ಕೆಟ್ಟುಹೋದ ಫಿಶ್ ಫೈಂಡರ್ ಒಂದನ್ನು ತಂದು ಕೊಟ್ಟರು. ಬೋಟಿನ ತಳದಿಂದ ನೀರಿನೊಳಗೆ ಶಬ್ದ ಬಿಟ್ಟು, ಅದು ಯಾವುದಕ್ಕೆ ತಾಗಿ ಮರಳಿತೋ ಅದನ್ನು ಪರದೆಯ ಮೇಲೆ ಬಣ್ಣದಲ್ಲಿ ತೋರಿಸುವ ಯಂತ್ರ. ಕಬ್ಬಿಣದ ಬದಲು ನೀರು, ಬಿರುಕಿನ ಬದಲು ಮೀನು, ಅಷ್ಟೇ ಕಣೇ ಎಂದರು ನಮ್ಮವರು. ಅದು ಸರಿಹೋಯಿತು. ಮಾತು ಬಾಯಿಂದ ಬಾಯಿಗೆ ಹೋಗಿ, ಮೂರು ವರ್ಷದಲ್ಲಿ ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಿಂದ ಹೊಸ ಯಂತ್ರಗಳೂ ಕರಾವಳಿಗೆ ಹೋಗತೊಡಗಿದವು. ಮೊಟ್ಟೆಯನ್ನೂ ಮನೆಯೊಳಗೆ ತರದ, ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡಿದ ಮೇಲೆಯೇ ಕಾಫಿ ಕುಡಿಯುವ ಅತ್ತೆ ಇರುವ ಮನೆ ನಮ್ಮದು. ಮಗ ಏನು ಕೆಲಸ ಮಾಡುತ್ತಾನೆಂದು ದಾವಣಗೆರೆಯ ನೆಂಟರು ಕೇಳಿದರೆ ಅತ್ತೆ, "ಟಿವಿ ಥರದ್ದು ಏನೋ ರಿಪೇರಿ" ಎಂದು ಮಾತು ಮುಗಿಸುತ್ತಿದ್ದರು.

ಜೂನ್, ಜುಲೈ ಎರಡು ತಿಂಗಳು ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕರಾವಳಿಗೆ ಬಿಡುವು ಬಂದಾಗ ನಮಗೆ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. ದಡಕ್ಕೆಳೆದ ಬೋಟುಗಳಿಂದ ಬಿಚ್ಚಿದ ಸೆಟ್ಟುಗಳು ಬಸ್ಸಿನ ಪಾರ್ಸೆಲ್ಲಿನಲ್ಲಿ ಗೋವಿಂದರಾಜನಗರದ ಒಂದು ಟ್ರಾವೆಲ್ಸ್ ಕಚೇರಿಗೆ ಬಂದು ಬೀಳುತ್ತಿದ್ದವು. ಬೆಳಿಗ್ಗೆ ಅಲ್ಲಿಗೆ ಹೋಗಿ ಆಟೊದಲ್ಲಿ ಹಾಕಿಕೊಂಡು ಬರುವುದು ನನ್ನ ಕೆಲಸ. ಮುಚ್ಚಳ ತೆಗೆದರೆ ಉಪ್ಪು, ಡೀಸೆಲ್ಲು, ಒಣಗಿದ ಮೀನು ಮೂರೂ ಸೇರಿದ ವಾಸನೆ. ತಳಕ್ಕೆ ಕೂರಿಸಿ ಶಬ್ದ ಬಿಡುವ ಭಾಗಕ್ಕೆ ಬಾಯಿ ತಿರುಗದ ಇಂಗ್ಲಿಷ್ ಹೆಸರಿತ್ತು. ನಾವು ಬಿಲ್ಲೆ ಎನ್ನುತ್ತಿದ್ದೆವು. ಬಿಲ್ಲೆಯನ್ನು ನೀರಿನಲ್ಲಿಳಿಸದೆ ಪರೀಕ್ಷೆ ಮಾಡಲಾಗದು. ಮೊದಲ ವರ್ಷ ನಮ್ಮವರು ಅದನ್ನು ಮನೆಯ ನೀರಿನ ಸಂಪಿನೊಳಗೆ ಇಳಿಸಿದ್ದರು. ಅತ್ತೆ ಎರಡು ದಿನ ಆ ನೀರು ಮುಟ್ಟಲಿಲ್ಲ. ಆಮೇಲೆ ಹೆಗ್ಗನಹಳ್ಳಿಯ ಸ್ನೇಹಿತರೊಬ್ಬರ ಹಳೇ ಮನೆಯ ಹಿತ್ತಲಲ್ಲಿ ಮುಚ್ಚದೆ ಉಳಿದಿದ್ದ ಬಾವಿ ಸಿಕ್ಕಿತು. ಯಾವ ಸೆಟ್ಟೂ ಆ ಬಾವಿಗೆ ಇಳಿಯದೆ ಊರು ಬಿಡಬಾರದು ಎಂಬುದು ನಮ್ಮವರ ನಿಯಮ.

ನನಗೆ ಇನ್ನೊಂದು ಕೆಲಸ ತಾನಾಗಿಯೇ ಅಂಟಿಕೊಂಡಿತು. ಯಂತ್ರದ ಜೊತೆ ಬರುವ ಇಂಗ್ಲಿಷ್ ಪುಸ್ತಕ ಓದಿ, ಬೇಕಾದಷ್ಟನ್ನು ಕನ್ನಡದಲ್ಲಿ ಬರೆಯುವುದು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿಸಿದ ಕೈ ನನ್ನದು, ಅಕ್ಷರ ದುಂಡಗಿತ್ತು. ಮದುವೆಯಾದ ಮೇಲೆ ಆ ಅಕ್ಷರಕ್ಕೆ ಹಾಲಿನ ಲೆಕ್ಕ ಬಿಟ್ಟರೆ ಬೇರೆ ಉಪಯೋಗ ಇರಲಿಲ್ಲ. ಈಗ ಹದಿನಾರು ಪುಟದ ಪುಸ್ತಿಕೆ ಬರೆದು ಜೆರಾಕ್ಸ್ ಮಾಡಿಸಿದ್ದೆ. ಪರದೆಯ ಕೆಳಗಿನ ದಪ್ಪ ಕೆಂಪು ಪಟ್ಟೆ ಕಡಲ ತಳ. ಪಟ್ಟೆ ದಪ್ಪಗಿದ್ದರೆ ಕಲ್ಲು, ತೆಳ್ಳಗಿದ್ದರೆ ಕೆಸರು. ನಡುವೆ ತೇಲುವ ಮೋಡದಂಥದ್ದು ಮೀನಿನ ಗುಂಪು. ಬಿಲ್ಲೆಗೆ ಪೇಂಟು ಬಳಿಯಬಾರದು. ದಡದಲ್ಲಿರುವಾಗ ಹೆಚ್ಚು ಹೊತ್ತು ಆನ್ ಇಡಬಾರದು, ಬಿಲ್ಲೆ ಬಿಸಿಯಾಗುತ್ತದೆ. ಸಮುದ್ರವನ್ನು ನಾನು ಗೋಕರ್ಣಕ್ಕೆ ಹೋದಾಗ ಒಮ್ಮೆ ಕಂಡಿದ್ದೆ, ಪಾದ ಮುಳುಗುವಷ್ಟು. ಅದರ ತಳದ ಬಗ್ಗೆ ಬಸವೇಶ್ವರನಗರದಲ್ಲಿ ಕೂತು ಬರೆಯುತ್ತಿದ್ದೆ. ಬೆಳಿಗ್ಗೆ ಆರಕ್ಕೇ ಫೋನು ಶುರು; ಒಲೆಯ ಮೇಲೆ ಹಾಲಿಟ್ಟುಕೊಂಡೇ ಯಾರಿಗೋ ಎರಡನೇ ಗುಂಡಿ ಒತ್ತಿ ಎಂದು ಹೇಳುತ್ತಿದ್ದೆ.

ಆ ವರ್ಷ ಜುಲೈ ಮೂರನೆಯ ವಾರ ಯಶೋದಕ್ಕ ಮತ್ತು ವಾಸಣ್ಣ ನಮ್ಮ ಮನೆಗೆ ಬಂದರು. ಮಲ್ಪೆಯ ಯಶೋದಕ್ಕ ಗಂಡ ತೀರಿಕೊಂಡ ಮೇಲೆ ಬೋಟನ್ನು ತಾವೇ ನಡೆಸುತ್ತಿದ್ದವರು. ಬಂಗುಡೆ, ಬೂತಾಯಿ ಮೀನಿನ ಗುಂಪು ಕಂಡಲ್ಲಿ ಸುತ್ತಲೂ ಬಲೆ ಬಿಟ್ಟು, ಆಮೇಲೆ ಬಲೆಯ ತಳವನ್ನು ಚೀಲದ ಬಾಯಿಯಂತೆ ಬಿಗಿದು ಎಳೆಯುವ ದೊಡ್ಡ ಬೋಟು. ಮೂವತ್ತು ಜನ ಬೇಕು. ವಾಸಣ್ಣ ಅವರ ಗಂಡನ ಅಣ್ಣ, ಬೋಟಿನ ತಾಂಡೇಲ. ಚುಕ್ಕಾಣಿ ಅವರದು, ಬಲೆ ಎಲ್ಲಿ ಬಿಡಬೇಕೆಂಬ ಮಾತೂ ಅವರದೇ. ಅರವತ್ತು ದಾಟಿದ್ದರು. ಇಸ್ತ್ರಿ ಮಾಡಿದ ಬಿಳಿ ಶರಟು, ತೋಳಿನ ಮಡಿಕೆಯಲ್ಲಿ ಮಾತ್ರ ಹಳೆಯ ಎಣ್ಣೆ ಕಲೆ. ರಾಜಾಜಿನಗರದಲ್ಲಿ ಒಂದು ಕೆಲಸವಿತ್ತು, ಹಾಗೇ ಯಂತ್ರ ನೋಡಿ ಹೋಗೋಣವೆಂದು ಬಂದೆವು ಎಂದರು ಯಶೋದಕ್ಕ. ಏನು ಕೆಲಸವೆಂದು ಹೇಳಲಿಲ್ಲ.

ಹೊರಗೆ ಜಿಟಿಜಿಟಿ ಮಳೆ, ಆಷಾಢದ ಗಾಳಿ. ಕೆಳಗೆ ನೀರು ನುಗ್ಗಿದ್ದರಿಂದ ಮೂರು ಹೊಸ ಯಂತ್ರಗಳನ್ನು ಮೇಲೆ ತಂದು ನಮ್ಮ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆವು. ನಾನು ಕಾಫಿ ತಂದು ವಾಸಣ್ಣನ ಬಲಗಡೆ ಇಟ್ಟೆ. ಅವರ ಕೈ ಬಂದು ಲೋಟಕ್ಕೆ ಬಡಿಯಿತು, ತುಸು ಚೆಲ್ಲಿತು. ಯಶೋದಕ್ಕ ಮಾತು ನಿಲ್ಲಿಸದೆ, ಅತ್ತ ನೋಡದೆ, ಲೋಟವನ್ನು ಅವರ ಮುಖದ ನೇರಕ್ಕೆ ಸರಿಸಿದರು. ಸ್ವಲ್ಪ ಹೊತ್ತಿಗೆ ಚಕ್ಕುಲಿಯ ತಟ್ಟೆ ಬಂತು. ಅದನ್ನೂ ಹಾಗೆಯೇ ಸರಿಸಿದರು. ಅಭ್ಯಾಸವಾಗಿಹೋದ ಕೈ.

ಊಟದ ಮೇಜಿನ ಮೇಲೆ ನೀರಿಲ್ಲದೆ ಯಂತ್ರ ತೋರಿಸಬೇಕೆಂದರೆ ಅದಕ್ಕೊಂದು ದಾರಿಯಿತ್ತು. ಡೆಮೊ ಎಂಬ ವ್ಯವಸ್ಥೆಗೆ ಹಾಕಿದರೆ ಬಿಲ್ಲೆ ಇಲ್ಲದೆಯೂ ಪರದೆ ಓಡುತ್ತದೆ. ಕೆಂಪು ತಳ ಏರಿಳಿಯುತ್ತದೆ, ಆಳದ ಅಂಕಿ ಬದಲಾಗುತ್ತದೆ, ಐದು ನಿಮಿಷಕ್ಕೊಂದು ಮೀನಿನ ಗುಂಪು ತೇಲಿ ಹೋಗುತ್ತದೆ. ಎಲ್ಲ ಅಂಗಡಿಯ ಮೀನು. ನಿಜವಲ್ಲ ಎಂದು ಸೂಚಿಸಲು ಪರದೆಯ ಮೇಲ್ತುದಿಯ ಎಡಮೂಲೆಯಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ, ಅಕ್ಕಿಕಾಳಿನಷ್ಟು ಗಾತ್ರದಲ್ಲಿ ಇರುತ್ತಿದ್ದವು.

ನಮ್ಮವರು ಹತ್ತು ಇಂಚಿನ ದೊಡ್ಡ ಪರದೆಯದನ್ನು ಹೊಗಳಿದರು. ಅರ್ಧ ಪರದೆಯಲ್ಲಿ ನಕಾಶೆ, ಅರ್ಧದಲ್ಲಿ ಮೀನು. ಎರಡು ಬಗೆಯ ಶಬ್ದ: ಒಂದು ಬೀದಿದೀಪದ ಬೆಳಕಿನಂತೆ ಅಗಲವಾಗಿ ಹರಡಿ ಆಳಕ್ಕೆ ಹೋಗುತ್ತದೆ, ಇನ್ನೊಂದು ಟಾರ್ಚಿನಂತೆ ಸಣ್ಣ ಜಾಗವನ್ನೇ ಸ್ಪಷ್ಟವಾಗಿ ತೋರಿಸುತ್ತದೆ. ಮೀನು ಕಂಡಲ್ಲಿ ಪುಟ್ಟ ಮೀನಿನ ಚಿತ್ರವನ್ನೇ ಮೂಡಿಸುತ್ತದೆ. ವಾಸಣ್ಣ ಎಲ್ಲ ಕೇಳಿ ಹೇಳಿದರು, "ಚಿತ್ರ ಬೇಡ ಸಾರ್. ಅದು ಕಸ ಕಂಡರೂ ಮೀನು ಅಂತ ಬಿಡಿಸ್ತದೆ. ಬಣ್ಣ ಎಷ್ಟು ದಪ್ಪ ಉಂಟು ಅಂತ ಗೊತ್ತಾದ್ರೆ ಸಾಕು ನನಗೆ."

ಅವರು ದೊಡ್ಡ ಪರದೆ ನೋಡುವುದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕಣ್ಣಲ್ಲ, ತಲೆಯೇ ಎಡಕ್ಕೂ ಬಲಕ್ಕೂ ತಿರುಗುತ್ತಿತ್ತು, ಬೇಲಿಯ ಮೇಲಿನ ಹಕ್ಕಿಯ ಹಾಗೆ. ಪಕ್ಕದ ಏಳು ಇಂಚಿನ ಪರದೆಯ ಮುಂದೆ ಕೂತಾಗ ತಲೆ ಬಹುಮಟ್ಟಿಗೆ ನಿಂತಿತು. ನಾನು ಸಾಮಾನ್ಯವಾಗಿ ಗಿರಾಕಿಗಳ ನಡುವೆ ಬಾಯಿ ಹಾಕುವವಳಲ್ಲ. ಅಂದು ಮಾತ್ರ, "ರೀ, ಅವರಿಗೆ ಚಿಕ್ಕದೇ ಇರಲಿ. ನೇರವಾಗಿ ಎದುರಿಗೆ ಕೂರಿಸಿಕೊಳ್ಳಬಹುದು" ಎಂದೆ. ನಮ್ಮವರು ನನ್ನನ್ನು ವಿಚಿತ್ರವಾಗಿ ನೋಡಿದರು. ಹೆಚ್ಚು ಬೆಲೆಯದನ್ನು ಬೇಡವೆಂದೆನಲ್ಲ. ವಾಸಣ್ಣ ಪೂರ್ತಿ ತಲೆ ತಿರುಗಿಸಿ ನನ್ನತ್ತ ನೋಡಿ, ತಲೆ ತಗ್ಗಿಸಿದರು.

ಹೊರಡುವ ಮುಂಚೆ ಯಶೋದಕ್ಕ ಅಡುಗೆಮನೆಗೆ ಬಂದು ಲೋಟ ಇಡುವ ನೆಪದಲ್ಲಿ ಹೇಳಿದರು. ಕಣ್ಣಿನೊಳಗಿನ ಒತ್ತಡದಿಂದ ವಾಸಣ್ಣನ ನೋಟ ಅಂಚಿನಿಂದ ಒಳಕ್ಕೆ ಸವೆಯುತ್ತಿದೆಯಂತೆ. ಹೋದದ್ದು ತಿರುಗಿ ಬರುವುದಿಲ್ಲ, ಹನಿ ಹಾಕುತ್ತಿದ್ದರೆ ಉಳಿದದ್ದು ಉಳಿದೀತು ಎಂದರಂತೆ ಡಾಕ್ಟರು. ಬೋಟಿನ ಜನಕ್ಕೆ ಗೊತ್ತಿಲ್ಲ. ನೀರಿನ ಬಣ್ಣ ಒಂದು ಕಡೆ ಕಪ್ಪಾದದ್ದು, ದೂರದಲ್ಲಿ ಹಕ್ಕಿ ಇಳಿದದ್ದು ತಾಂಡೇಲನಿಗೆ ಎಲ್ಲರಿಗಿಂತ ಮೊದಲು ಕಾಣಬೇಕು. ಕಾಣದ ತಾಂಡೇಲನ ಹಿಂದೆ ಆಳುಗಳು ಬರುವುದಿಲ್ಲ. ಹೋದ ವರ್ಷ ಹೇಗೋ ಸಾಗಿಸಿದರು. "ಭಾವನಿಗೆ ಕಡಲು ಬಿಟ್ಟರೆ ಬೇರೆ ಎಂತ ಉಂಟು ಹೇಳಿ. ಮನೆಯಲ್ಲಿ ಕೂತ್ರೆ ಆರು ತಿಂಗಳು ಬದುಕುವವರಲ್ಲ. ಯಂತ್ರ ಎದುರು ಇದ್ರೆ ಇನ್ನೊಂದೆರಡು ವರ್ಷ ಹೋದೀತು ಅಂತ."

ಮೂವತ್ತು ಜನ ಅವರ ಕಣ್ಣನ್ನು ನಂಬಿ ಹೋಗುತ್ತಾರೆ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಹೊಳೆಯಿತು, ಲೋಟ ತೊಳೆಯುತ್ತ ಸುಮ್ಮನಾದೆ. ಮನೆಯಲ್ಲಿ ಕೂರಿಸಿದ ಗಂಡಸಿನ ಮುಖ ನಾನೂ ನೋಡಿದ್ದೆ. ಕಾರ್ಖಾನೆ ಬಿಟ್ಟ ಮೊದಲ ವರ್ಷ ನಮ್ಮವರು ಹಗಲು ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ನಿಂತು ಪೇಪರಿನವನಿಗೆ ಕಾಯುತ್ತಿದ್ದರು, ಪೇಪರು ಬೆಳಿಗ್ಗೆಯೇ ಬಂದಿರುತ್ತಿತ್ತು.

ಅವರು ಚಿಕ್ಕ ಯಂತ್ರವನ್ನೇ ಆರಿಸಿದರು. ಮಾರನೆಯ ದಿನವೂ ವಾಸಣ್ಣ ಬಂದು ಒಂದು ಮಧ್ಯಾಹ್ನವೆಲ್ಲ ಗುಂಡಿಗಳನ್ನು ಅಭ್ಯಾಸ ಮಾಡಿದರು. ಎರಡನೆಯದು, ಮೂರನೆಯದು ಎಂದು ಬೆರಳಿನಲ್ಲಿ ಎಣಿಸಿ ಬಾಯಿಪಾಠ ಮಾಡಿಕೊಂಡರು. ಡೆಮೊದ ಮೀನಿನ ಗುಂಪು ಬಂದಾಗಲೆಲ್ಲ ಅವರ ಬೆರಳು ಮೇಜಿನ ಮೇಲೆ ಸಣ್ಣಗೆ ವೃತ್ತ ಬರೆಯುತ್ತಿತ್ತು, ಬಲೆ ಬಿಡುವ ಹಾಗೆ. ಹೋಗುವಾಗ ಕೇಳಿದರು, ಎಲ್ಲವನ್ನೂ ಯಂತ್ರದ ಮೇಲೆಯೇ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಲು ಆಗುತ್ತದೆಯೇ ಎಂದು. ಬೋಟಿನಲ್ಲಿ ಇಂಗ್ಲಿಷ್ ಓದುವವರು ಯಾರೂ ಇಲ್ಲ.

ಆ ವಾರ ನಮ್ಮವರಿಗೆ ಜ್ವರ ಬಂತು. ನೂರಾಮೂರು. ರಕ್ತದ ಪರೀಕ್ಷೆ, ಎಳನೀರು, ಪಪ್ಪಾಯಿ ಎಲೆ ಎಂದು ಮನೆ ತುಂಬ ಓಡಾಟ. ಅತ್ತೆಯ ಮಂಡಿನೋವು ಅದೇ ವಾರ ಹೆಚ್ಚಾಗಿ ಅವರನ್ನು ಬಚ್ಚಲಿಗೂ ನಾನೇ ಹಿಡಿದು ಕರೆದೊಯ್ಯುತ್ತಿದ್ದೆ. ಬಟ್ಟೆ ಒಣಗುತ್ತಿರಲಿಲ್ಲ, ಫ್ಯಾನಿನ ಕೆಳಗೆ ಹರವಿ ಹಾಕಿದ ಟವೆಲ್ಲುಗಳ ಮುಗ್ಗಲು ವಾಸನೆಯಲ್ಲಿ ನಾನು ಕೂತು ಬಿಳಿ ಪ್ಲಾಸ್ಟಿಕ್ ಸ್ಟಿಕರಿನ ಪಟ್ಟಿಗಳನ್ನು ಕತ್ತರಿಸಿದೆ. ಮಾರ್ಕರಿನಲ್ಲಿ ಬರೆದೆ. ಆಳ. ಬಣ್ಣ ಹೆಚ್ಚು. ಬಣ್ಣ ಕಡಿಮೆ. ಒಂದು ಉದ್ದ ಪಟ್ಟಿಯ ಮೇಲೆ, ಎಡಕ್ಕೆ ಹಿಂದೆ ದಾಟಿದ್ದು, ಬಲಕ್ಕೆ ಈಗ ಇರುವುದು ಎಂದು ಬರೆದೆ. ಪರದೆಯ ಚಿತ್ರ ಬಲದಿಂದ ಎಡಕ್ಕೆ ಸರಿಯುತ್ತ ಹೋಗುತ್ತದೆ, ಹೊಸಬರು ಅಲ್ಲೇ ತಪ್ಪುವುದು. ಆ ಪಟ್ಟಿಗೆ ಗುಂಡಿಗಳ ಬಳಿ ಜಾಗವಿರಲಿಲ್ಲ. ಗಾಜಿನ ಮೇಲಂಚಿಗೇ ಅಂಟಿಸಿದೆ. ಸ್ಕೇಲಿಟ್ಟು ನೇರ ಮಾಡಿ, ಗುಳ್ಳೆ ಬಾರದಂತೆ ಉಗುರಿನಿಂದ ಒತ್ತಿದೆ. ಎಷ್ಟು ಚೆನ್ನಾಗಿ ಕೂತಿತೆಂದು ಎರಡು ಸಲ ಬೆರಳಾಡಿಸಿದ್ದು ನೆನಪಿದೆ.

ಹೆಗ್ಗನಹಳ್ಳಿಯ ಬಾವಿಗೆ ಹೋಗಲು ಆಗಲಿಲ್ಲ. ಜುಲೈ ಮುಗಿಯುತ್ತಿತ್ತು, ಯಶೋದಕ್ಕ ಎರಡು ಸಲ ಫೋನು ಮಾಡಿದ್ದರು. ಹೊಸ ಯಂತ್ರ ತಾನೇ, ಡಬ್ಬಿಯಿಂದ ಬಂದದ್ದು, ಇದಕ್ಕೆ ಬಾವಿ ಏಕೆ ಎಂದುಕೊಂಡು ಊಟದ ಮೇಜಿನಿಂದಲೇ ನೇರವಾಗಿ ಪ್ಯಾಕ್ ಮಾಡಿ ಪಾರ್ಸೆಲ್ ಕಚೇರಿಗೆ ಕೊಟ್ಟು ಬಂದೆ. ಆಷಾಢ ಕಳೆಯಲಿ ಎಂದು ಅತ್ತೆ ಮಂಚದಿಂದಲೇ ಹೇಳಿದರು. ನಾನು ಉತ್ತರಿಸಲಿಲ್ಲ. ಆ ದಿನಗಳಲ್ಲಿ ನನಗೆ ಉತ್ತರಿಸುವುದೂ ಒಂದು ಕೆಲಸವೇ ಆಗಿತ್ತು.

ಆಗಸ್ಟಿನ ಮೊದಲ ವಾರ, ಬೋಟುಗಳು ಇಳಿದ ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಯಶೋದಕ್ಕನ ಫೋನು ಬಂತು. ಅವರು ಕೂಗಾಡಲಿಲ್ಲ. ಹಿಂದಿನ ದಿನ ಅವರ ಬೋಟು ಮೊದಲ ಸಲ ಹೊರಟಿತ್ತು. ಅವರ ಮನೆಯ ಪದ್ಧತಿ ಒಂದಿತ್ತು: ಹೊಸದಾಗಿ ಕೂರಿಸಿದ್ದು ಏನೇ ಇರಲಿ, ಬಂದರಿನ ಬಾಯಿ ದಾಟಿ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಅದನ್ನು ಚಾಲೂ ಮಾಡುವುದು. ದಡದಲ್ಲಿದ್ದಾಗ ವೈರ್‌ಮನ್ ಒಮ್ಮೆ ದೀಪ ಹತ್ತಿತೆಂದು ನೋಡಿ, ನನ್ನ ಪುಸ್ತಿಕೆಯ ಮಾತಿನಂತೆ ಕೂಡಲೇ ಆರಿಸಿದ್ದ. ಕಾಯಿ ಬಿಟ್ಟು ಆನ್ ಮಾಡಿದರೆ ಪರದೆಯ ತುಂಬ ಮೀನು. ವಾಸಣ್ಣ ಬಲೆ ಬಿಡಿಸಿದರು. ಮೂವತ್ತು ಜನ ಎರಡು ಗಂಟೆ ಎಳೆದರು, ಬರೀ ನೀರು. ಇನ್ನೊಂದು ಕಡೆ ಬಿಡಿಸಿದರು, ಮತ್ತೆ ನೀರು. ಮೂರನೆಯ ಸಲ ಆಳ ಮೂವತ್ತೆಂಟು ಮೀಟರ್ ಎಂದು ಪರದೆ ತೋರಿಸುತ್ತಿದ್ದಲ್ಲಿ ಬಲೆಯ ತಳ ಕಲ್ಲಿಗೆ ಸಿಕ್ಕಿ ಹರಿಯಿತು. ನಿಜದ ಆಳ ಅದರ ಅರ್ಧವೂ ಇರಲಿಲ್ಲ. ಈಗ ಎಲ್ಲರೂ ಬೋಟು ಕಟ್ಟುವ ಧಕ್ಕೆಯಲ್ಲಿ ಕೂತು ಬಲೆ ಹೊಲಿಯುತ್ತಿದ್ದಾರೆ. ಬೋಟಿನಲ್ಲಿ ತಾಂಡೇಲನ ನಂತರದ ಜಾಗದಲ್ಲಿರುವ ಗಣಪ ಎಂಬಾತ, ಬೇರೆ ತಾಂಡೇಲ ಬಂದರೆ ಮಾತ್ರ ನಾಳೆ ಹತ್ತುತ್ತೇವೆ ಎಂದಿದ್ದಾನೆ. ವಾಸಣ್ಣ ನಿನ್ನೆಯಿಂದ ಊಟ ಮಾಡಿಲ್ಲ.

ನಮ್ಮವರಿಗೆ ಜ್ವರ ಬಿಟ್ಟು ಎರಡು ದಿನವಾಗಿತ್ತಷ್ಟೇ. ಶಾಲು ಹೊದ್ದು ಕೂತು, ಬಿಲ್ಲೆಯ ಕೆಳಗೆ ಗಾಳಿಗುಳ್ಳೆ ಇರಬಹುದು, ವೈರು ಸಡಿಲ ಇರಬಹುದು ಎಂದರು. ನಾನು ಯಶೋದಕ್ಕನಿಗೆ ಪರದೆಯ ಫೋಟೊ ಕಳಿಸಲು ಹೇಳಿದೆ. ಬಂತು. ಬೋಟು ಧಕ್ಕೆಗೆ ಕಟ್ಟಿಹಾಕಿದೆ; ಪರದೆಯಲ್ಲಿ ಮೂವತ್ತಾರು ಮೀಟರ್ ಆಳ, ದಪ್ಪ ಮೋಡದಂತೆ ಮೀನು. ಆ ಮೋಡದ ಆಕಾರ ನನಗೆ ಗೊತ್ತಿತ್ತು. ಚಕ್ಕುಲಿಯ ತಟ್ಟೆಯ ಪಕ್ಕದಲ್ಲಿ ಐದು ನಿಮಿಷಕ್ಕೊಮ್ಮೆ ಹಾದುಹೋಗುತ್ತಿದ್ದುದು ಅದೇ. ಫೋಟೊದ ಮೇಲ್ಭಾಗದಲ್ಲಿ ನನ್ನ ದುಂಡು ಅಕ್ಷರದ ಪಟ್ಟಿ, ಒಂದಿಷ್ಟೂ ಓರೆಯಾಗದೆ, ಎಡಮೂಲೆಯಿಂದ ಬಲಮೂಲೆಯವರೆಗೆ.

ನಾನು ಅಡುಗೆಮನೆಯ ಮಣೆಯ ಮೇಲೆ ಕೂತುಬಿಟ್ಟೆ. ಕುಕ್ಕರ್ ಎಷ್ಟು ಸಲ ಕೂಗಿತೋ.

ನಮ್ಮವರಿಗೆ ಹೇಳಿದೆ. ಅವರು ಬಹಳ ಹೊತ್ತು ಫೋಟೊ ನೋಡಿದರು. ಅವರು ಕೆಟ್ಟವರಲ್ಲ, ದಣಿದವರು. "ಅಲ್ಲಿನ ವೈರ್‌ಮನ್ ಏನೋ ಒತ್ತಿರಬೇಕು, ಸೆಟ್ಟಿಂಗ್ ಬದಲಾಗಿದೆ ಅಂತ ಹೇಳ್ಬಿಡೋಣ ಕಣೇ. ಈಗ ಸರಿ ಮಾಡೋದು ಹೇಗೆ ಅಂತ ಹೇಳಿದ್ರೆ ಆಯ್ತು. ಒಂದು ಸಲ ನಮ್ಮ ಹೆಸರು ಕೆಟ್ರೆ ಆ ಕಡೆಯಿಂದ ಒಂದು ಪಾರ್ಸೆಲ್ಲೂ ಬರಲ್ಲ."

ಸುಳ್ಳು ಸುಲಭವಾಗಿತ್ತು. ಅದಕ್ಕಿಂತ ಸುಲಭವಾದದ್ದು ನನ್ನ ತಲೆಯೊಳಗೇ ಓಡಾಡುತ್ತಿತ್ತು: ಪಟ್ಟಿ ಇಲ್ಲದಿದ್ದರೂ ವಾಸಣ್ಣನಿಗೆ ಡೆಮೊ ಎಂದು ಬರೆದ ಆ ಮೂಲೆ ಕಾಣುತ್ತಿರಲಿಲ್ಲ. ಅದು ನಿಜವೂ ಆಗಿತ್ತು. ಒಂದು ಮಾತು ಹೇಳಿದರೆ ಸಾಕು, ತಪ್ಪು ನನ್ನಿಂದ ಜಾರಿ ಅವರ ಮೇಲೆ ಬೀಳುತ್ತಿತ್ತು. ಮಂಚದ ಮೇಲಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. "ಅವರು ಉಣ್ಣದೆ ಕೂತಾರಂತಲ್ಲವ್ವಾ. ಹೇಳೋದೇನಿದ್ರೂ ಲಗೂ ಹೇಳಿಬಿಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ನಾನು ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ ಎಂದೆ. ಗಾಳಿಯ ಶಬ್ದ, ಕಾಗೆಯ ಶಬ್ದ, ಯಾರೋ ಕೆಮ್ಮಿದ್ದು ಕೇಳಿಸಿತು. ಶಾಲೆಯಲ್ಲಿ ಪದ್ಯ ಒಪ್ಪಿಸುವವಳ ಹಾಗೆ ಎದ್ದು ನಿಂತು ಹೇಳಿದೆ. ನೀವು ನಿನ್ನೆ ನೋಡಿದ್ದು ನಿಜವಾದ ಮೀನಲ್ಲ, ಅಂಗಡಿಯಲ್ಲಿ ತೋರಿಸಲು ಯಂತ್ರದೊಳಗೆ ಇಟ್ಟಿರುವ ಚಿತ್ರ. ನಾನು ಅದನ್ನು ಬದಲಿಸದೆ ಕಳಿಸಿದೆ. ನೀರಿಗಿಳಿಸಿ ಪರೀಕ್ಷೆ ಮಾಡಬೇಕಿತ್ತು, ಮಾಡಲಿಲ್ಲ. ಇದು ಸುಳ್ಳು ಚಿತ್ರ ಎಂದು ತಿಳಿಸುವ ಅಕ್ಷರದ ಮೇಲೆ ನಾನೇ ಸ್ಟಿಕರ್ ಅಂಟಿಸಿದ್ದೆ. ಕಿತ್ತು ನೋಡಿ. ಯಾರ ಕಣ್ಣಿಗೂ ಅದು ಕಾಣುವ ಹಾಗಿರಲಿಲ್ಲ.

ಕೊನೆಯ ವಾಕ್ಯವನ್ನು ನಾನು ಬೇಕೆಂದೇ ಎರಡು ಸಲ ಹೇಳಿದೆ.

ಸ್ಟಿಕರ್ ಕಿತ್ತ ಸದ್ದು ಕೇಳಿಸಿತು. ಯಾರೋ ಒಬ್ಬರು, "ಹಾಗಾದ್ರೆ ನಿನ್ನೆ ಇಡೀ ದಿನ ನಾವು ಬೆಂಗಳೂರಿನ ಮೀನಿಗೆ ಬಲೆ ಬಿಟ್ಟದ್ದು" ಎಂದರು. ನಾಲ್ಕಾರು ಜನ ನಕ್ಕರು. ನಗು ಬಂತಲ್ಲ, ಇನ್ನು ಸರಿಹೋಯಿತು ಎಂದು ನನಗೆ ಅನ್ನಿಸಿತು. ಆಗ ಹತ್ತಿರದಿಂದಲೇ ಒಂದು ಗಡಸು ದನಿ ಬಂತು, ಗಣಪನದು.

"ಅದು ಮುಚ್ಚಿತ್ತು, ಸರಿ. ಯಂತ್ರ ಸುಳ್ಳು ಹೇಳಿತು, ಅದೂ ಸರಿ. ಮೂರು ಸಲ ಬಿಟ್ಟಾಗ್ಲೂ ನೀರು ತೊಳೆದ ಹಾಗೆ ಖಾಲಿ ಇತ್ತು, ಒಂದು ಹಕ್ಕಿ ಇರ್ಲಿಲ್ಲ. ನನಗೇ ಕಂಡಿತು. ನಲ್ವತ್ತು ವರ್ಷ ಕಡಲು ನೋಡಿದವರಿಗೆ ಕಾಣ್ಲಿಲ್ವ?"

ಯಶೋದಕ್ಕ ಏನೋ ಹೇಳಹೊರಟರು. ಅಷ್ಟರಲ್ಲಿ ವಾಸಣ್ಣನ ದನಿ ಕೇಳಿಸಿತು, ತುಸು ದೂರದಿಂದ, ಯಾವ ಏರಿಳಿತವೂ ಇಲ್ಲದೆ.

"ಕಾಣ್ಲಿಲ್ಲ ಗಣಪ."

ಆಮೇಲೆ ಹೇಳಿದರು. ಎರಡು ವರ್ಷದಿಂದ ಪಕ್ಕದ ನೋಟ ಇಲ್ಲ. ಮೊದಲು ಎಡ, ಆಮೇಲೆ ಬಲ. ನೇರ ಎದುರಿಗೆ ಒಂದು ಕಿಟಕಿಯಷ್ಟು ಮಾತ್ರ ಉಂಟು. ಹೋದ ವರ್ಷ ಮೀನು ಸಿಕ್ಕಿದ್ದೆಲ್ಲ ಪಕ್ಕದ ಬೋಟುಗಳು ಎತ್ತ ಓಡುತ್ತವೆ ಎಂದು ಇಂಜಿನ್ನಿನ ಶಬ್ದ ಕೇಳಿ. "ಆ ಮೇಡಂ ನನ್ನ ಮಾನ ಉಳಿಸ್ಲಿಕ್ಕೆ ಹೇಳ್ತಿದ್ದಾರೆ. ಅವರ ತಪ್ಪು ಅರ್ಧ. ಇನ್ನರ್ಧ ನಂದು."

ಫೋನು ಕಡಿಯಿತು. ನಾನಾಗಿ ಮತ್ತೆ ಮಾಡಲು ಧೈರ್ಯ ಬರಲಿಲ್ಲ. ನನ್ನ ತಪ್ಪೊಪ್ಪಿಗೆಯಿಂದ ಅವರಿಗೊಂದು ಮರೆ ಕಟ್ಟಿದೆ ಎಂದುಕೊಂಡಿದ್ದೆ. ಅದನ್ನು ಅವರೇ ಸರಿಸಿ ಈಚೆ ಬಂದಿದ್ದರು. ಎಂಟು ದಿನ ಕರಾವಳಿಯಿಂದ ಯಾರು ಫೋನು ಮಾಡಿದರೂ ನಮ್ಮವರ ಕೈಗೆ ಕೊಟ್ಟುಬಿಡುತ್ತಿದ್ದೆ. ನಮ್ಮವರು ಬೈಯಲಿಲ್ಲ. ಹುಷಾರಾದ ಮೇಲೆ ಮನೆಯಲ್ಲಿದ್ದ ಹೊಸ ಯಂತ್ರಗಳನ್ನೆಲ್ಲ ಒಂದೇ ಸಲ ಆಟೊದಲ್ಲಿ ಹಾಕಿಕೊಂಡು ಹೆಗ್ಗನಹಳ್ಳಿಗೆ ಹೋದರು, ನನ್ನನ್ನೂ ಕರೆದರು. ಬಾವಿಕಟ್ಟೆಯ ಮೇಲೆ ಕೂತು ಒಂದೊಂದೇ ಬಿಲ್ಲೆಯನ್ನು ಹಗ್ಗ ಕಟ್ಟಿ ಇಳಿಸಿದೆವು. ಒಂಬತ್ತು ಮೀಟರು. ಮೀನಿಲ್ಲ. ಮುಂದಿನದು. ಒಂಬತ್ತು ಮೀಟರು. ಮೀನಿಲ್ಲ. ಹೀಗೆ ಸಂಜೆಯವರೆಗೆ.

ಒಂಬತ್ತನೆಯ ದಿನ ಯಶೋದಕ್ಕ ಫೋನು ಮಾಡಿದರು. ಮೊದಲ ಮೂರು ದಿನ ಬೋಟು ಕಟ್ಟಿಯೇ ಇತ್ತಂತೆ. ಐದು ಜನ ಬೇರೆ ಬೋಟಿಗೆ ಹೋದರಂತೆ, ಉಳಿದವರು ಬಲೆ ಹೊಲಿದು ಮುಗಿಸಿದರಂತೆ. ಚುಕ್ಕಾಣಿಯನ್ನು ವಾಸಣ್ಣನೇ ಗಣಪನ ಕೈಗೆ ಕೊಟ್ಟಿದ್ದರು. ಮನೆಗೆ ಹೋಗಿ ಕೂರುತ್ತೇನೆಂದು ಚೀಲ ಕಟ್ಟಿಕೊಂಡು ಇಳಿದವರನ್ನು ಧಕ್ಕೆಯ ಮೇಲೆ ತಡೆದದ್ದು ಗಣಪನೇ. ಯಂತ್ರದ ಬಣ್ಣ ಓದಲು ತನಗೆ ಬರುವುದಿಲ್ಲ, ಅದರ ಮುಂದೆ ಯಾರಾದರೂ ಕೂರಬೇಕಲ್ಲ ಎಂದನಂತೆ. ಚುಕ್ಕಾಣಿಯ ಎಡಕ್ಕೆ ಪ್ಲಾಸ್ಟಿಕ್ ಸ್ಟೂಲು ಹಾಕಿದ್ದಾರೆ. "ನಿಂತೇ ಅಭ್ಯಾಸ ಭಾವನಿಗೆ. ಸ್ಟೂಲಿನ ಮೇಲೆ ಕೂರ್ಲಿಕ್ಕೆ ಎರಡು ದಿನ ಬೇಕಾಯ್ತು" ಎಂದು ಯಶೋದಕ್ಕ ಹೇಳಿದಾಗ ಅವರು ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಇಷ್ಟಾದ ಮೇಲೆ ಆ ಏರ್ಪಾಡು ಎಷ್ಟು ದಿನ ನಡೆದೀತೆಂದು ನಾನು ಕೇಳಲಿಲ್ಲ.

ಆಗಸ್ಟಿನ ಕೊನೆಯಲ್ಲಿ ಒಂದು ಬೆಳಿಗ್ಗೆ, ಹನ್ನೊಂದರ ಸುಮಾರಿಗೆ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹಿಂದೆ ಇಂಜಿನ್ನಿನ ಶಬ್ದ. ವಾಸಣ್ಣ. ದಡದಿಂದ ಹೆಚ್ಚು ದೂರ ಹೋಗಿರಲಿಲ್ಲವಂತೆ, ಸಿಗ್ನಲ್ಲು ಇತ್ತು. ಬಣ್ಣ ಹೆಚ್ಚು ಮಾಡುವ ಗುಂಡಿ ಒತ್ತಿದರೆ ಪರದೆಯೆಲ್ಲ ಚುಕ್ಕೆ ಬರುತ್ತದೆ, ಕಡಿಮೆ ಮಾಡಿದರೆ ತಳವೇ ಮಸುಕಾಗುತ್ತದೆ ಎಂದರು. ಚುಕ್ಕೆ ಬರುವವರೆಗೆ ಹೆಚ್ಚಿಸಿ, ಅಲ್ಲಿಂದ ಎರಡು ಹೆಜ್ಜೆ ಹಿಂದಕ್ಕೆ ಬನ್ನಿ ಎಂದೆ. ಗುಂಡಿಯ ಟಿಕ್ ಟಿಕ್ ಕೇಳಿಸಿತು.

"ಈಗ ಏನು ಕಾಣ್ತಿದೆ ವಾಸಣ್ಣ?"

"ತಳ ಕಾಣ್ತದೆ. ಕೆಸರು. ಹತ್ತೊಂಬತ್ತು ಮೀಟರ್, ನಾವು ಗುಂಡು ಕಟ್ಟಿದ ಹಗ್ಗ ಬಿಟ್ಟೂ ನೋಡಿದೆವು, ಸರಿ ಉಂಟು." ಮತ್ತೆ ಹೇಳಿದರು, "ಮೀನಿಲ್ಲ ಮೇಡಂ. ಖಾಲಿ. ಸರಿಯಾಗಿಯೇ ಖಾಲಿ ಉಂಟು."

ಸಾರಿಗೆ ಒಗ್ಗರಣೆ ಹಾಕಲು ಎತ್ತಿದ ಸೌಟು ಕೈಯಲ್ಲೇ ಇತ್ತು. ಇಬ್ಬರೂ ಸುಮ್ಮನೆ ಆ ಖಾಲಿಯನ್ನು ನೋಡುತ್ತ ನಿಂತಂತೆ ಇದ್ದೆವು. ಅಷ್ಟರಲ್ಲಿ ಅವರ ಪಕ್ಕದಿಂದ ಗಣಪನ ಗಡಸು ದನಿ ಕೇಳಿಸಿತು.

"ವಾಸಣ್ಣ, ಇನ್ನು ಎತ್ತ ತಿರುಗಿಸ್ಲಿ?"

ವಾಸಣ್ಣ ಫೋನು ಕಡಿಯುವುದನ್ನು ಮರೆತು ಅವನಿಗೆ ಉತ್ತರ ಹೇಳಿದರು. ಇಂಜಿನ್ನಿನ ಶಬ್ದ ಏರಿತು. ನಾನು ಅದು ತಾನಾಗಿ ಕಡಿಯುವವರೆಗೆ ಕೇಳುತ್ತ ನಿಂತಿದ್ದೆ.